ನಡುವಿನ ದುಡ್ಡು ಯಾರ ಜೇಬಿಗೆ? ಬಿ.ಆರ್. ಶೆಣೈ ಮತ್ತು ಅರ್ಥಶಾಸ್ತ್ರದ ಪಾಠ

(ಪದವಿ ಕಾಲೇಜುಗಳ ಅರ್ಥಶಾಸ್ತ್ರ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಎರಡನೇ ಪಂಚವಾರ್ಷಿಕ ಯೋಜನೆಯ ಬಗ್ಗೆ ಟಿಪ್ಪಣಿ ಬರೆಯಿರಿ ಅಂದರೆ ನಮ್ಮ ಹುಡುಗರು ಏನು ಬರೆಯುತ್ತಾರೆ? ಮಹಾಲನೋಬಿಸ್ ಮಾದರಿ, ಭಾರೀ ಕೈಗಾರಿಕೆ, ಭಿಲಾಯಿ, ರೂರ್ಕೆಲಾ, ದುರ್ಗಾಪುರದ ಉಕ್ಕಿನ ಕಾರ್ಖಾನೆಗಳು. ಐದು ಅಂಕಕ್ಕೆ ಅಷ್ಟು ಸಾಕು. ಆ ಯೋಜನೆ ಇನ್ನೂ ಕಾಗದದ ಮೇಲಿದ್ದಾಗಲೇ, ಈ ಲೆಕ್ಕ ಕೂಡಿಬರುವುದಿಲ್ಲ ಎಂದು ಬರೆದು ಸಹಿ ಹಾಕಿ ಕೊಟ್ಟ ಒಬ್ಬ ಮೇಷ್ಟ್ರಿದ್ದರು ಎನ್ನುವುದು ಗೈಡುಗಳಲ್ಲಿ ಸಿಗುವುದು ಕಡಿಮೆ. ಅವರು ನಮ್ಮ ಕಡೆಯವರೇ.

ಬೆಳ್ಳಿಕೋತ್ ರಘುನಾಥ ಶೆಣೈ. 1905ರಲ್ಲಿ ಹುಟ್ಟಿದ್ದು ಬೆಳ್ಳಿಕೋತ್‌ನಲ್ಲಿ. ಆಗ ಅದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಈಗ ಕೇರಳದ ಕಾಸರಗೋಡು ಜಿಲ್ಲೆಯಲ್ಲಿದೆ. ಬನಾರಸ್‌ನಲ್ಲಿ ಓದಿ, ಆಮೇಲೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಹೋದರು. 1931ರ ಸುಮಾರಿಗೆ ಮುಕ್ತ ಮಾರುಕಟ್ಟೆಯ ಪರ ವಾದಿಸಿದ ಅರ್ಥಶಾಸ್ತ್ರಜ್ಞ ಹಯೆಕ್ ಅಲ್ಲಿಗೆ ಬಂದು ಉಪನ್ಯಾಸ ಕೊಡುವ ಹೊತ್ತಿಗೆ ಶೆಣೈ ಅಲ್ಲೇ ವಿದ್ಯಾರ್ಥಿ. ಬ್ರಿಟನ್ನಿನ ಹೆಸರಾಂತ ಅರ್ಥಶಾಸ್ತ್ರಜ್ಞ ಕೇನ್ಸ್ ಅವರ ಬೆಲೆ ಸಮೀಕರಣಗಳನ್ನು ಪ್ರಶ್ನಿಸಿ ಬರೆದ ಅವರ ಲೇಖನ ಅಮೆರಿಕದ ದೊಡ್ಡ ಪತ್ರಿಕೆಯೊಂದರಲ್ಲಿ ಅಚ್ಚಾದಾಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಆಮೇಲೆ ಸಿಲೋನಿನಲ್ಲಿ ಪಾಠ, ರಿಸರ್ವ್ ಬ್ಯಾಂಕಿನಲ್ಲಿ ಕೆಲಸ. ಕೊನೆಗೆ ನೆಲೆ ನಿಂತದ್ದು ಅಹಮದಾಬಾದಿನ ಗುಜರಾತ್ ವಿಶ್ವವಿದ್ಯಾಲಯದಲ್ಲಿ.

1955ಕ್ಕೆ ಬರೋಣ. ಯೋಜನೆಗೆ ಸಲಹೆ ಕೊಡಲು ಅರ್ಥಶಾಸ್ತ್ರಜ್ಞರ ಒಂದು ಸಮಿತಿ ಮಾಡಿದರು. ಹಣಕಾಸು ಮಂತ್ರಿ ಸಿ.ಡಿ. ದೇಶಮುಖ್ ಅದರ ಅಧ್ಯಕ್ಷರು. ಡಿ.ಆರ್. ಗಾಡ್ಗೀಳ್ ಇದ್ದರು. ಮುಂದೆ ಬೆಂಗಳೂರಿನಲ್ಲಿ ಐಸೆಕ್ ಸಂಶೋಧನಾ ಸಂಸ್ಥೆ ಕಟ್ಟಿದ ವಿ.ಕೆ.ಆರ್.ವಿ. ರಾವ್ ಇದ್ದರು. ದೇಶದ ಘಟಾನುಘಟಿಗಳೆಲ್ಲ ಇದ್ದರು ಅನ್ನಿ. ಎಲ್ಲರೂ ಒಂದು ವರದಿಗೆ ಸಹಿ ಹಾಕಿದರು. ಶೆಣೈ ಒಬ್ಬರೇ ಬೇರೆ ಟಿಪ್ಪಣಿ ಬರೆದರು. ಅದೇ ಅವರ ಭಿನ್ನಮತದ ಟಿಪ್ಪಣಿ.

ಅದು ಓದಲು ಖುಷಿ ಕೊಡುವ ಬರಹವಲ್ಲ, ಮೊದಲೇ ಹೇಳಿಬಿಡುತ್ತೇನೆ. ಒಣಒಣ ಗದ್ಯ. ಘೋಷಣೆ ಇಲ್ಲ, ಬೈಗುಳ ಇಲ್ಲ. ಆದರೆ ತರಗತಿಗೆ ಅದಕ್ಕಿಂತ ಒಳ್ಳೆಯ ಪಠ್ಯ ನನಗೆ ಸಿಕ್ಕಿಲ್ಲ.

ಅವರ ಮೊದಲ ಪ್ರಶ್ನೆ ತೀರಾ ಸರಳ: ಇಷ್ಟು ದೊಡ್ಡ ಯೋಜನೆಗೆ ಸಂಪನ್ಮೂಲ ಎಲ್ಲಿಂದ? ಸರ್ಕಾರಿ ವಲಯದ ಗಾತ್ರ ಕೊನೆಗೆ 4,800 ಕೋಟಿ ರೂಪಾಯಿಗೆ ನಿಂತಿತು. ಅದರಲ್ಲಿ 1,200 ಕೋಟಿ ಕೊರತೆ ಹಣಕಾಸು. ಬಿಡಿಸಿ ಹೇಳಿದರೆ ಹೊಸ ನೋಟು. ನಾಲ್ಕರಲ್ಲಿ ಒಂದು ಪಾಲು! ನೋಟು ಜಾಸ್ತಿ ಆದರೆ ಗದ್ದೆಯಲ್ಲಿ ಭತ್ತ ಜಾಸ್ತಿ ಆಗುವುದಿಲ್ಲ, ಗೂಡಿನಲ್ಲಿ ಇಟ್ಟಿಗೆ ಜಾಸ್ತಿ ಆಗುವುದಿಲ್ಲ. ಹೊಸ ನೋಟು ಮೊದಲು ಯಾರ ಕೈಗೆ ಸಿಕ್ಕಿತೋ ಅವರು ಹಳೇ ಬೆಲೆಗೆ ಸಾಮಾನು ತೆಗೆದುಕೊಳ್ಳುತ್ತಾರೆ. ಸಾಲಿನ ಕೊನೆಯಲ್ಲಿ ನಿಂತ ಕೂಲಿಯವನು, ಪಿಂಚಣಿಯವನು ಹೊಸ ಬೆಲೆ ಕೊಡುತ್ತಾನೆ. ತೆರಿಗೆ ಹಾಕಬೇಕಾದರೆ ಸಂಸತ್ತಿನಲ್ಲಿ ಚರ್ಚೆ ಆಗಬೇಕು. ಇದಕ್ಕೆ ಚರ್ಚೆಯೂ ಬೇಡ, ರಸೀದಿಯೂ ಇಲ್ಲ. ಜನ ಉಳಿಸುವಷ್ಟಕ್ಕೇ ಯೋಜನೆಯ ಗಾತ್ರವನ್ನು ನಿಲ್ಲಿಸಿ ಎಂದು ಶೆಣೈ ಕೇಳಿದ್ದು.

ಎರಡನೆಯದಾಗಿ, ಕಂಟ್ರೋಲುಗಳನ್ನು, ಅಂದರೆ ಬೆಲೆ, ಹಂಚಿಕೆಯ ಮೇಲಿನ ಸರ್ಕಾರಿ ಹತೋಟಿಗಳನ್ನು, ಮುಂದುವರಿಸಬೇಡಿ ಅಂದರು. ರಾಷ್ಟ್ರೀಕರಣವನ್ನು ಹಿಗ್ಗಿಸಬೇಡಿ ಅಂದರು. ಯೋಜನೆ ದೊಡ್ಡದಾದಷ್ಟೂ ಕಂಟ್ರೋಲ್ ದೊಡ್ಡದಾಗುತ್ತದೆ, ಕಂಟ್ರೋಲ್ ದೊಡ್ಡದಾದಷ್ಟೂ ಪ್ರಜಾಪ್ರಭುತ್ವಕ್ಕೆ ಪೆಟ್ಟು ಬೀಳುತ್ತದೆ ಎನ್ನುವ ಭಯ ಅವರಿಗಿತ್ತು.

ಮುಂದೇನಾಯಿತು? ಯೋಜನೆ ಶುರುವಾಗಿ ಎರಡು ವರ್ಷ ಕಳೆಯುವುದರೊಳಗೆ ವಿದೇಶಿ ವಿನಿಮಯ ಬರಿದಾಗುತ್ತಾ ಬಂತು. 1957ರಲ್ಲಿ ಆಮದಿಗೆ ಬಿಗಿ. 1958ರಲ್ಲಿ ಸಾಲ ಕೊಡುವ ದೇಶಗಳೆಲ್ಲ ಕೂತು ಭಾರತಕ್ಕೆ ನೆರವಿನ ಒಕ್ಕೂಟ ಮಾಡಿಕೊಂಡವು. ಯೋಜನೆಯನ್ನು 4,500 ಕೋಟಿಗೆ ಕತ್ತರಿಸಬೇಕಾಯಿತು. ಆ ಐದು ವರ್ಷದಲ್ಲಿ ಸಗಟು ಬೆಲೆ ಸುಮಾರು ಶೇ. 30ರಷ್ಟು ಏರಿತು. ಎಲ್ಲಕ್ಕೂ ಕೊರತೆ ಹಣಕಾಸೇ ಕಾರಣ ಅಂತ ನಾನು ಹೇಳುವುದಿಲ್ಲ. 1957ರಲ್ಲಿ ಮಳೆ ಕೈಕೊಟ್ಟಿತ್ತು. ಖಾಸಗಿಯವರೂ ಯಂತ್ರಗಳನ್ನು ಮುಗಿಬಿದ್ದು ತರಿಸಿಕೊಂಡಿದ್ದರು. ಆದರೂ ದಾರಿ ಶೆಣೈ ತೋರಿಸಿದ ಕಡೆಗೇ ಹೋಯಿತು.

ಈಗ ನನಗೆ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಶೆಣೈ ಆಮೇಲೆ ವರ್ಷಗಟ್ಟಲೆ ಬೆನ್ನು ಹತ್ತಿದ್ದು ಒಂದೇ ವಿಷಯವನ್ನು. ಸರ್ಕಾರಿ ಬೆಲೆ ಒಂದು, ಪೇಟೆ ಬೆಲೆ ಇನ್ನೊಂದು. ನಡುವಿನ ದುಡ್ಡು ಯಾರ ಜೇಬಿಗೆ ಹೋಗುತ್ತದೆ?

ಒಂದು ಲೆಕ್ಕ ಹಾಕೋಣ, ಸುಮ್ನೆ ಉದಾಹರಣೆಗೆ. ಹೊರದೇಶದ ಒಂದು ಬಿಡಿಭಾಗ ಬೊಂಬಾಯಿ ಬಂದರಿಗೆ ಬರುವಷ್ಟರಲ್ಲಿ ಸುಂಕ ಸೇರಿ 100 ರೂಪಾಯಿ ಬೀಳುತ್ತದೆ ಅನ್ನಿ. ತರಿಸಲು ಲೈಸೆನ್ಸ್ ಬೇಕು. ಲೈಸೆನ್ಸ್ ಕಡಿಮೆ ಇರುವುದರಿಂದ ಪೇಟೆಯಲ್ಲಿ ಅದಕ್ಕೆ 175. ಮೇಲಿನ 75 ರೂಪಾಯಿಗೆ ಯಾರೂ ಬೆವರು ಸುರಿಸಿಲ್ಲ. ಅದು ಆ ಕಾಗದದ ಬೆಲೆ. ಲೈಸೆನ್ಸ್ ಸಿಕ್ಕವನು ಸಾಮಾನು ತರಿಸದೆ ಕಾಗದವನ್ನೇ ಮಾರಿದರೂ 75 ಬರುತ್ತದೆ. ಹಾಗೇ ಮಾರುತ್ತಿದ್ದರು. ಕಾಗದಕ್ಕೆ 75 ಬೆಲೆ ಇದೆ ಅಂದಮೇಲೆ, ಅದನ್ನು ಗಿಟ್ಟಿಸಲು ಕಚೇರಿ ಅಲೆಯುವುದು, ದಿಲ್ಲಿಯಲ್ಲಿ ಆಳು ಇಡುವುದು, ಮೇಜಿನ ಕೆಳಗೆ ಕೊಡುವುದು ಎಲ್ಲವೂ ಲಾಭದ ಕೆಲಸವೇ ಅಲ್ವಾ? ಬಡವರ ಹೆಸರಿನಲ್ಲಿ ಬಂದ ಕಂಟ್ರೋಲ್ ಉಳ್ಳವರಿಗೆ ಇನಾಮು ಹಂಚುತ್ತಿದೆ ಎನ್ನುವುದು ಶೆಣೈ ಅವರ ತಕರಾರು. ಸಮಾಜವಾದವನ್ನು ಅವರು ಎದುರಿಸಿದ್ದು ಶ್ರೀಮಂತರ ಪರವಾಗಿ ಅಂತ ತಿಳಿದುಕೊಂಡವರು ಈ ಭಾಗ ಓದಿಲ್ಲ.

ಇದೇ ಮಾತನ್ನು ಮುಂದೆ ಅಮೆರಿಕದ ಅರ್ಥಶಾಸ್ತ್ರಜ್ಞೆ ಆನ್ ಕ್ರೂಗರ್ ಅಂಕಿಗಳಲ್ಲಿ ಹಿಡಿದರು. ಅವರ 1974ರ ಲೇಖನ ಎಂ.ಎ. ಓದಿದವರಿಗೆ ಗೊತ್ತಿರುತ್ತದೆ. 1964ರ ಭಾರತದಲ್ಲಿ ಲೈಸೆನ್ಸ್, ಪರ್ಮಿಟ್‌ಗಳಿಂದ ಹುಟ್ಟಿದ ಇಂಥ ಬಿಟ್ಟಿ ವರಮಾನ ರಾಷ್ಟ್ರೀಯ ಆದಾಯದ ಶೇ. 7.3ರಷ್ಟು ಎಂದು ಅವರು ಅಂದಾಜು ಮಾಡಿದರು. ಅದರಲ್ಲಿ ಸಿಂಹಪಾಲು ಆಮದು ಲೈಸೆನ್ಸಿನದು.

ಚಿನ್ನದ ಲೆಕ್ಕ ಇನ್ನೂ ಚೆನ್ನಾಗಿದೆ, ಇದನ್ನು ಮಕ್ಕಳಿಂದಲೇ ಮಾಡಿಸಬಹುದು. ಆಗ ಅಂತರರಾಷ್ಟ್ರೀಯ ಅಧಿಕೃತ ದರ ಒಂದು ಔನ್ಸಿಗೆ 35 ಡಾಲರ್. ಔನ್ಸ್ ಅಂದರೆ 31.1 ಗ್ರಾಂ. ಡಾಲರಿಗೆ 4.76 ರೂಪಾಯಿ. ಗುಣಿಸಿ ಭಾಗಿಸಿದರೆ 10 ಗ್ರಾಂಗೆ ಹತ್ತಿರಹತ್ತಿರ 53 ರೂಪಾಯಿ 60 ಪೈಸೆ. 1960ರ ಹೊತ್ತಿಗೆ ನಮ್ಮ ಪೇಟೆಯಲ್ಲಿ ಅದೇ 10 ಗ್ರಾಂ 110 ರೂಪಾಯಿ ಆಸುಪಾಸು. ಹೊರಗಿನಿಂದ ಚಿನ್ನ ತರುವಂತಿಲ್ಲ. ಬೆಲೆ ಎರಡು ಪಟ್ಟು. ಪಶ್ಚಿಮ ಕರಾವಳಿಯುದ್ದಕ್ಕೂ ರಾತ್ರಿ ದೋಣಿಗಳು ಯಾಕೆ ಬರುತ್ತಿದ್ದವು ಅಂತ ಪೊಲೀಸರನ್ನು ಕೇಳಬೇಕಿಲ್ಲ, ಈ ಎರಡು ಅಂಕಿ ನೋಡಿದರೆ ಸಾಕು. ರೂಪಾಯಿಗೆ ನಿಜವಾದ ಬೆಲೆ ಕಟ್ಟಿ, ಬಿಗಿ ಸಡಿಲಿಸಿ ಎಂದು ಶೆಣೈ ಹೇಳುತ್ತಾ ಬಂದರು. ಸರ್ಕಾರ ಮಾಡಿದ್ದೇನು? 1963ರಲ್ಲಿ ಚಿನ್ನ ನಿಯಂತ್ರಣ ತಂದಿತು. 14 ಕ್ಯಾರೆಟ್‌ಗಿಂತ ಜಾಸ್ತಿ ಶುದ್ಧತೆಯ ಹೊಸ ಒಡವೆ ಮಾಡಬಾರದು! ಕಳ್ಳಸಾಗಣೆಯವನಿಗೆ ಏನೂ ಆಗಲಿಲ್ಲ. ಅಕ್ಕಸಾಲಿಗರ ಕುಲುಮೆ ಆರಿತು.

ಇದರಲ್ಲೇ ಕೋಲಾರದ ಒಂದು ಕಥೆಯೂ ಇದೆ. ಕೆಜಿಎಫ್ ಸರ್ಕಾರದ ಕೈಗೆ ಬಂದ ಮೇಲೆ ಬಹುಕಾಲ ಅಲ್ಲಿನ ಚಿನ್ನವನ್ನು ಸರ್ಕಾರ ತೆಗೆದುಕೊಂಡದ್ದು ಪೇಟೆ ಬೆಲೆಗಲ್ಲ, ಅಂತರರಾಷ್ಟ್ರೀಯ ಅಧಿಕೃತ ದರಕ್ಕೆ. 1966ರ ಜೂನ್ 6ರಂದು ರೂಪಾಯಿಯನ್ನು ಡಾಲರಿಗೆ 7.50ಕ್ಕೆ ಇಳಿಸಿದ ಮೇಲೂ ಆ ದರ 10 ಗ್ರಾಂಗೆ 84 ರೂಪಾಯಿ ಚಿಲ್ಲರೆ. ನೆಲದ ಕೆಳಗೆ ಮೂರು ಕಿಲೋಮೀಟರ್ ಇಳಿದು, ಸುಡುವ ಬಿಸಿಯಲ್ಲಿ ಕಲ್ಲು ಒಡೆದು ತೆಗೆದ ಚಿನ್ನ ಅದು. ಪುಸ್ತಕದಲ್ಲಿ ಗಣಿ ನಷ್ಟದಲ್ಲಿದೆ ಎಂದು ಬರೆದರು. ಅದಿರಿನಲ್ಲಿ ಚಿನ್ನ ಕಡಿಮೆ ಆಗುತ್ತಿದ್ದದ್ದು ನಿಜ, ಖರ್ಚು ಏರಿದ್ದೂ ನಿಜ. ಆದರೆ ಬೆಲೆಯನ್ನೇ ಅರ್ಧಕ್ಕೆ ಕಟ್ಟಿಹಾಕಿ ಆಮೇಲೆ ನಷ್ಟ ಅಂದರೆ ಅದೆಂಥ ನಷ್ಟ? ಇಲ್ಲಿ ನಡುವಿನ ದುಡ್ಡು ಕಳ್ಳಸಾಗಣೆಯವನಿಗೆ ಹೋಗಲಿಲ್ಲ, ಖಜಾನೆಗೆ ಹೋಯಿತು.

ಈ ಸಭೆಯಲ್ಲಿ ಕಾಫಿ ನಾಡಿನಿಂದ ಬಂದವರೂ ಇದ್ದೀರಿ. ನಿಮ್ಮ ಅಜ್ಜಂದಿರಿಗೆ 'ಪೂಲ್' ಅಂದರೆ ಏನು ಅಂತ ಕೇಳಿ. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿಹೋಗಿ ಕಾಫಿ ಬೆಲೆ ನೆಲ ಕಚ್ಚಿತು. ಬೆಳೆಗಾರರನ್ನು ಉಳಿಸಲು 1940ರಲ್ಲಿ ಸುಗ್ರೀವಾಜ್ಞೆ ಬಂತು, 1942ರಲ್ಲಿ ಕಾಫಿ ಕಾಯ್ದೆ ಆಯಿತು. ಆಗ ಅದು ಬೇಕಾಗಿತ್ತು, ನನ್ನ ತಕರಾರಿಲ್ಲ. ಯುದ್ಧ ಮುಗಿಯಿತು, ಪೂಲ್ ಮುಗಿಯಲಿಲ್ಲ. ಇನ್ನೂ ಐವತ್ತು ವರ್ಷ ನಡೆಯಿತು.

ಅದು ಹೇಗೆ ನಡೆಯುತ್ತಿತ್ತು? ನಿಮ್ಮ ತೋಟದ ಕಾಫಿ, ಆದರೆ ಮಾರುವವರು ನೀವಲ್ಲ. ಮನೆಬಳಕೆಗೆ, ಬಿತ್ತನೆಗೆ ಸ್ವಲ್ಪ ಇಟ್ಟುಕೊಂಡು ಉಳಿದ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ್ದು), ಚೆರಿ (ಹಣ್ಣನ್ನು ಹಾಗೇ ಒಣಗಿಸಿದ್ದು) ಎಲ್ಲವನ್ನೂ ಸರ್ಕಾರದ ಕಾಫಿ ಮಂಡಳಿಯ ಪೂಲಿಗೆ, ಅಂದರೆ ಎಲ್ಲರ ಕಾಫಿಯ ಒಟ್ಟು ದಾಸ್ತಾನಿಗೆ, ಹಾಕಬೇಕು. ಕಾಫಿ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ದರ್ಜೆ ನೋಡಿ ಪಾಯಿಂಟ್ ಕೊಡುತ್ತಾರೆ. ಹಾಕಿದಾಗ ಒಂದಿಷ್ಟು ದುಡ್ಡು. ಉಳಿದದ್ದು ಕಂತಿನಲ್ಲಿ. ಒಂದು ಪಾಯಿಂಟಿಗೆ ಎಷ್ಟು ಅಂತ ಮಂಡಳಿ ಕಾಫಿ ಮಾರಿದ ಮೇಲೆ ಗೊತ್ತಾಗುತ್ತದೆ. ಮುಂದಿನ ಬೆಳೆ ಕೊಯ್ಲಿಗೆ ಬಂದರೂ ಹಿಂದಿನ ಬೆಳೆಯ ಲೆಕ್ಕ ಚುಕ್ತಾ ಆಗಿರುತ್ತಿರಲಿಲ್ಲ. ಸೋವಿಯತ್ ಒಕ್ಕೂಟ ದೊಡ್ಡ ಗಿರಾಕಿ. 1991ರಲ್ಲಿ ಅದೇ ಕುಸಿದುಬಿತ್ತು. ಇತ್ತ ದಿಲ್ಲಿಯಲ್ಲೂ ಗಾಳಿ ಬದಲಾಗಿತ್ತು. 1992ರಲ್ಲಿ ಬೆಳೆಯ ಶೇ. 30ರಷ್ಟನ್ನು ದೇಶದೊಳಗೆ ತಾವೇ ಮಾರಲು ಬಿಟ್ಟರು. ಆಮೇಲೆ ಶೇ. 50 ಮುಕ್ತ ಮಾರಾಟ. ಆಮೇಲೆ ಸಣ್ಣ ಬೆಳೆಗಾರರಿಗೆ ಪೂರ್ತಿ ಬಿಡುಗಡೆ. 1996ರ ಹೊತ್ತಿಗೆ ಎಲ್ಲರಿಗೂ.

1994ರಲ್ಲಿ ಬ್ರೆಜಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಕಾಫಿ ಗಿಡಗಳು ಸುಟ್ಟು ಜಗತ್ತಿನ ಕಾಫಿ ಬೆಲೆ ಚಿಮ್ಮಿತು. ಸರಿಯಾಗಿ ಅದೇ ಹೊತ್ತಿಗೆ ಕೊಡಗು, ಚಿಕ್ಕಮಗಳೂರಿನ ಬೆಳೆಗಾರರಿಗೆ ಮಾರುವ ಹಕ್ಕು ಸಿಕ್ಕಿತ್ತು. ಆ ವರ್ಷಗಳಲ್ಲಿ ಎದ್ದ ಮನೆಗಳನ್ನು ಈಗಲೂ ತೋರಿಸುತ್ತಾರೆ. ಕಥೆ ಇಲ್ಲಿಗೇ ನಿಲ್ಲಿಸಿದರೆ ನಾನು ಮೇಷ್ಟ್ರಲ್ಲ, ಪ್ರಚಾರಕ. 2000ದ ಸುಮಾರಿಗೆ ವಿಯೆಟ್ನಾಮಿನ ರೊಬಸ್ಟಾ ತಳಿಯ ಕಾಫಿ ಜಗತ್ತನ್ನೆಲ್ಲ ತುಂಬಿತು. ಬೆಲೆ ಪಾತಾಳಕ್ಕೆ ಇಳಿಯಿತು. ಐದಾರು ವರ್ಷ ತೋಟಗಳು ಬ್ಯಾಂಕಿನ ಸಾಲದಲ್ಲಿ ಮುಳುಗಿದವು. ಪೂಲ್ ಇದ್ದಿದ್ದರೆ ಚೆನ್ನಾಗಿತ್ತು ಎಂದವರೂ ಇದ್ದರು. ಬೆಲೆ ಏರಿದಾಗ ಮುಕ್ತ ಮಾರುಕಟ್ಟೆ, ಇಳಿದಾಗ ಪ್ಯಾಕೇಜ್, ಇದೂ ನಮ್ಮ ಊರಿನ ಅರ್ಥಶಾಸ್ತ್ರವೇ. ಆದರೆ ಇಷ್ಟಾದರೂ ಎಲ್ಲವನ್ನೂ ಕಡ್ಡಾಯವಾಗಿ ಮತ್ತೆ ಮಂಡಳಿಗೇ ಹಾಕುತ್ತೇವೆ ಎಂದು ಪಟ್ಟು ಹಿಡಿದ ಬೆಳೆಗಾರರ ಚಳವಳಿ ನಾನು ಕಾಣೆ. 2024ರಲ್ಲಿ ರೊಬಸ್ಟಾ ದಾಖಲೆ ಬೆಲೆ ಕಂಡಾಗ ಅಂತೂ ಆ ಮಾತೇ ಇಲ್ಲ.

ಆರ್ಥಿಕ ಸ್ವಾತಂತ್ರ್ಯ ಅಂದರೆ ನನ್ನ ಮಟ್ಟಿಗೆ ಇದು: ಯಾರಿಗೆ, ಯಾವಾಗ, ಎಷ್ಟಕ್ಕೆ ಮಾರಬೇಕು ಎಂದು ತೀರ್ಮಾನಿಸುವುದು ಯಾರು? ಇದನ್ನು ಅಳೆಯಬಹುದೇ? ಅಳೆಯಲು ಹೊರಟವರೂ ಒಬ್ಬ ಮೇಷ್ಟ್ರೇ. ಅಮೆರಿಕದ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಜೇಮ್ಸ್ ಗ್ವಾರ್ಟ್ನಿ. 1968ರಿಂದ ಅಲ್ಲೇ ಪಾಠ ಮಾಡಿದರು, 2024ರಲ್ಲಿ ತೀರಿಕೊಂಡರು. ಮುಕ್ತ ಮಾರುಕಟ್ಟೆಯ ಪರವಾದ ಚಿಂತಕರ ಕೂಟ, ಶೆಣೈ ಸದಸ್ಯರಾಗಿದ್ದ ಮಾಂಟ್ ಪೆಲೆರಿನ್ ಸೊಸೈಟಿಯ 1984ರ ಕೇಂಬ್ರಿಜ್ ಸಭೆಯಲ್ಲಿ ಸ್ವಾತಂತ್ರ್ಯವನ್ನು ಅಳೆಯುವ ಮಾತು ಎದ್ದಿತು. ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಮತ್ತು ಕೆನಡಾದ ಫ್ರೇಸರ್ ಇನ್‌ಸ್ಟಿಟ್ಯೂಟಿನ ಮೈಕೆಲ್ ವಾಕರ್ ಅದನ್ನು ಕೈಗೆತ್ತಿಕೊಂಡರು. ಹನ್ನೆರಡು ವರ್ಷದ ಮೇಲೆ, 1996ರಲ್ಲಿ, ಗ್ವಾರ್ಟ್ನಿ, ರಾಬರ್ಟ್ ಲಾಸನ್, ವಾಲ್ಟರ್ ಬ್ಲಾಕ್ ಸೇರಿ ಮೊದಲ ಸೂಚ್ಯಂಕ ಹೊರತಂದರು. ಅಷ್ಟು ಹೊತ್ತಿಗೆ ಶೆಣೈ ತೀರಿಕೊಂಡು ಹದಿನೆಂಟು ವರ್ಷವಾಗಿತ್ತು.

ಸೂಚ್ಯಂಕದ ಒಳಗೆ ಐದು ಭಾಗ: ಸರ್ಕಾರದ ಗಾತ್ರ, ಕಾನೂನು ಮತ್ತು ಆಸ್ತಿ ಹಕ್ಕು, ಹಣದ ಸ್ಥಿರತೆ, ಹೊರದೇಶದ ವ್ಯಾಪಾರ, ನಿಯಂತ್ರಣಗಳು. ಒಂದೊಂದಕ್ಕೂ ಹತ್ತಕ್ಕೆ ಇಷ್ಟು ಅಂತ ಅಂಕ. ವ್ಯಾಪಾರದ ಭಾಗದಲ್ಲಿ ಒಂದು ಅಂಶ ನೋಡಿ ನನಗೆ ಖುಷಿಯಾಯಿತು. ಅಧಿಕೃತ ವಿನಿಮಯ ದರಕ್ಕೂ ಕಾಳಸಂತೆಯ ದರಕ್ಕೂ ಎಷ್ಟು ಅಂತರ ಇದೆ ಎಂದು ಅವರು ಲೆಕ್ಕ ಹಾಕುತ್ತಾರೆ. ಅಹಮದಾಬಾದಿನಲ್ಲಿ ಕೂತು ಶೆಣೈ ಹಿಡಿದಿದ್ದ ದಾರವೇ ಅದು.

ಈ ಸೂಚ್ಯಂಕವನ್ನು ತರಗತಿಗೆ ತಂದರೆ ಕೆಲವು ನಂಬಿಕೆಗಳು ಅಲ್ಲಾಡುತ್ತವೆ. ಡೆನ್ಮಾರ್ಕ್ ತೆರಿಗೆ ಜಾಸ್ತಿ ಇರುವ ದೇಶ, ಮೊದಲ ಭಾಗದಲ್ಲಿ ಅದಕ್ಕೆ ಕಡಿಮೆ ಅಂಕ. ಆದರೂ ಒಟ್ಟಾರೆ ಪಟ್ಟಿಯಲ್ಲಿ ಮೇಲೇ ಇರುತ್ತದೆ. ಕಾನೂನು ಗಟ್ಟಿ, ವ್ಯಾಪಾರ ಮುಕ್ತ. ಭಾರತಕ್ಕೆ 'ಸರ್ಕಾರದ ಗಾತ್ರ' ಭಾಗದಲ್ಲಿ ಒಳ್ಳೆಯ ಅಂಕವೇ ಬರುತ್ತದೆ. ನಾವು ಸೋಲುವುದು ವ್ಯಾಪಾರ, ನಿಯಂತ್ರಣಗಳಲ್ಲಿ. ಅಂದರೆ ನಮ್ಮ ಸರ್ಕಾರ ಖರ್ಚು ಮಾಡುವುದು ಕಡಿಮೆ, ಕೈ ಅಡ್ಡ ಹಾಕುವುದು ಜಾಸ್ತಿ. ಸರ್ಕಾರ ಚಿಕ್ಕದಾದಷ್ಟೂ ಒಳ್ಳೆಯದು ಎನ್ನುವ ಗೆಳೆಯರಿಗೂ, ದೊಡ್ಡದಾದಷ್ಟೂ ಒಳ್ಳೆಯದು ಎನ್ನುವವರಿಗೂ ಇದು ಹಿಡಿಸುವುದಿಲ್ಲ.

ತಕರಾರುಗಳೂ ಇವೆ. ಹಾಂಗ್‌ಕಾಂಗ್ ಹಲವು ದಶಕ ಮೊದಲ ಸ್ಥಾನದಲ್ಲಿತ್ತು, ಜನರ ರಾಜಕೀಯ ಬಾಯಿ ಕಟ್ಟಿದ ಮೇಲೂ ಮೇಲಿನ ಸ್ಥಾನದಲ್ಲೇ ಇದೆ. ಆಗ ಸ್ವಾತಂತ್ರ್ಯ ಎನ್ನುವ ಮಾತಿಗೆ ಅರ್ಥವೇನು ಅಂತ ಹುಡುಗರು ಕೇಳಿದರೆ ಕೇಳಲಿ. ಐದೂ ಭಾಗಕ್ಕೆ ಸಮಾನ ತೂಕ ಯಾಕೆ ಅಂತಲೂ ಕೇಳಲಿ.

ಗ್ವಾರ್ಟ್ನಿ 1976ರಲ್ಲಿ ಒಂದು ಪಠ್ಯಪುಸ್ತಕ ಬರೆದರು. ಅದರಲ್ಲಿ ಅವರು ಮಾಡಿದ ಕೆಲಸ ಮಾರುಕಟ್ಟೆಯ ಪಕ್ಕದಲ್ಲೇ ಸರ್ಕಾರವನ್ನೂ ಕೂರಿಸಿದ್ದು. ನಮ್ಮ ಪಠ್ಯಗಳಲ್ಲಿ ವ್ಯಾಪಾರಿಗೆ ಲಾಭದ ಆಸೆ, ಗ್ರಾಹಕನಿಗೆ ತೃಪ್ತಿಯ ಆಸೆ, ಸರ್ಕಾರಕ್ಕೆ ಮಾತ್ರ ಜನಕಲ್ಯಾಣದ ಆಸೆ. ಫೈಲ್ ನೋಡುವ ಗುಮಾಸ್ತನಿಗೂ ಮನೆ ಸಾಲ ಇದೆ, ಮಂತ್ರಿಗೂ ಮುಂದಿನ ಚುನಾವಣೆ ಇದೆ. ಇದನ್ನು ಪಾಠದಲ್ಲಿ ಸೇರಿಸಿದರೆ ಲೈಸೆನ್ಸ್ ರಾಜ್ ಯಾಕೆ ಅಷ್ಟು ವರ್ಷ ಬಾಳಿತು ಎಂದು ಬೇರೆ ಪಾಠ ಮಾಡಬೇಕಿಲ್ಲ.

ನಾನು ಶೆಣೈ ಭಕ್ತನಲ್ಲ. ರಸ್ತೆ, ಶಾಲೆ, ಆಸ್ಪತ್ರೆಗಳಿಗೆ ಸರ್ಕಾರ ಸಾಲ ಮಾಡಿಯಾದರೂ ಹಾಕಬೇಕಾದ ದುಡ್ಡಿನ ವಿಷಯದಲ್ಲಿ ಅವರು ವಿಪರೀತ ಬಿಗಿ ಅನ್ನಿಸುತ್ತದೆ. ದಕ್ಷಿಣ ಕೊರಿಯಾದಲ್ಲಿ ಸರ್ಕಾರ ಕೈಕಟ್ಟಿ ಕೂತಿರಲಿಲ್ಲ, ಆದರೂ ಆ ದೇಶ ಬೆಳೆಯಿತು. ಇವನ್ನೆಲ್ಲ ಹೇಳಿಯೇ ಪಾಠ ಮಾಡಬೇಕು. ಆದರೆ ಸಮಿತಿಯ ವರದಿಯನ್ನು ಮಾತ್ರ ಓದಿಸಿ, ಭಿನ್ನಮತದ ಟಿಪ್ಪಣಿಯನ್ನು ಮುಚ್ಚಿಡುವುದು ಪಾಠವಲ್ಲ.

ಇನ್ನು ಪ್ರಶ್ನೆಗಳು.

ಒಬ್ಬ ವಿದ್ಯಾರ್ಥಿನಿ ಕೇಳಿದರು: "ಸರ್, ಆರ್ಥಿಕ ಸ್ವಾತಂತ್ರ್ಯ ಅಂದರೆ ದುಡ್ಡಿದ್ದವರ ಸ್ವಾತಂತ್ರ್ಯ ತಾನೇ?"

ಅರ್ಧ ಒಪ್ಪುತ್ತೇನಮ್ಮ. ಕೈಯಲ್ಲಿ ಒಂದು ತಿಂಗಳ ಉಳಿತಾಯವೂ ಇಲ್ಲದ ಕೂಲಿಯವಳಿಗೆ 'ನೀನು ಬೇರೆ ಕೆಲಸ ಹುಡುಕಿಕೊಳ್ಳಲು ಸ್ವತಂತ್ರಳು' ಅಂದರೆ ಅದು ಗೇಲಿ ಮಾಡಿದ ಹಾಗೆ. ಸೂಚ್ಯಂಕ ಇದನ್ನು ಹಿಡಿಯುವುದಿಲ್ಲ. ಉಳಿದರ್ಧ ಕೇಳು. ಸಿಮೆಂಟಿಗೆ ಪರ್ಮಿಟ್ ಇದ್ದ ಕಾಲದಲ್ಲಿ ದುಡ್ಡಿದ್ದವನ ಮನೆ ಕಟ್ಟುವ ಕೆಲಸ ನಿಂತಿರಲಿಲ್ಲ. ಅವನು ಕಾಳಸಂತೆಯಲ್ಲಿ ತಂದ. ಹತ್ತು ಮೂಟೆಗೆ ಅರ್ಜಿ ಹಾಕಿ ತಾಲ್ಲೂಕು ಕಚೇರಿಗೆ ಅಲೆದವನು ಬಡವ. 1982ರಲ್ಲಿ ಸ್ವಲ್ಪ ಸಡಿಲವಾಯಿತು, 1989ರಲ್ಲಿ ಪೂರ್ತಿ ತೆಗೆದರು. ಈಗ ಸಿಮೆಂಟಿಗೆ ಶಿಫಾರಸು ಪತ್ರ ಬೇಕು ಅಂದರೆ ನಿನಗೆ ನಗು ಬರುತ್ತೆ ಅಲ್ವಾ?

ಇನ್ನೊಬ್ಬ ಅಧ್ಯಾಪಕರು ಕೇಳಿದರು: "ವಾರಕ್ಕೆ ಸಿಗೋದೇ ನಾಲ್ಕು ಪೀರಿಯಡ್ಡು. ಸಿಲಬಸ್ ಮುಗಿಸೋದೇ ಕಷ್ಟ. ಇದನ್ನೆಲ್ಲ ಎಲ್ಲಿ ಸೇರಿಸೋದು ಸರ್?"

ಬೇರೆ ಅಧ್ಯಾಯ ಬೇಡ. ಒಂದು ಅಸೈನ್‌ಮೆಂಟ್ ಸಾಕು. ಮಲೆನಾಡು, ಕರಾವಳಿಯ ಕಾಲೇಜಾದರೆ ಅಡಿಕೆಯನ್ನೇ ತೆಗೆದುಕೊಳ್ಳಿ. ಹೊರಗಿನಿಂದ ಬರುವ ಅಡಿಕೆಗೆ ಕನಿಷ್ಠ ಆಮದು ಬೆಲೆ ಅಂತ ಇದೆ, ಅದಕ್ಕಿಂತ ಅಗ್ಗದ್ದನ್ನು ತರಿಸುವಂತಿಲ್ಲ. 2023ರ ಫೆಬ್ರವರಿಯಲ್ಲಿ ಅದನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದರು. ಆದರೂ ಬರ್ಮಾ ಕಡೆಯಿಂದ ಅಡಿಕೆ ಕಳ್ಳದಾರಿಯಲ್ಲಿ ಬರುತ್ತಲೇ ಇದೆ. ಹುಡುಗರಿಗೆ ಮೂರು ಪ್ರಶ್ನೆ ಕೊಡಿ. ಈ ತಡೆ ಇಲ್ಲದಿದ್ದರೆ ಪೇಟೆ ಬೆಲೆ ಎಷ್ಟಿರುತ್ತಿತ್ತು? ಮೇಲಿನ ದುಡ್ಡು ಯಾರಿಗೆ ಸಿಗುತ್ತಿದೆ? ಅದನ್ನು ಕೊಡುತ್ತಿರುವವರು ಯಾರು, ಅವರು ಎಲ್ಲಿದ್ದಾರೆ?

ತರಗತಿಯಲ್ಲಿ ಅರ್ಧದಷ್ಟು ಮಕ್ಕಳ ಮನೆಯಲ್ಲಿ ತೋಟ ಇರುತ್ತದೆ. ಫೀಸು ಕಟ್ಟಿರುವುದೇ ಅಡಿಕೆ ದುಡ್ಡಿನಿಂದ. ಉತ್ತರ ಪ್ರದೇಶದಲ್ಲಿ ಪಾನ್ ಹಾಕುವ ರಿಕ್ಷಾದವನು ತಮ್ಮ ಫೀಸಿಗೆ ಚಿಲ್ಲರೆ ಸೇರಿಸುತ್ತಿದ್ದಾನೆ ಎಂದು ಬರೆಯಲು ಅವರಿಗೆ ಮನಸ್ಸು ಬರುವುದಿಲ್ಲ. ಕೆಲವರು ಬೆಳೆಗಾರನಿಗೆ ರಕ್ಷಣೆ ಬೇಕೇ ಬೇಕು ಎಂದು ವಾದ ಹೂಡುತ್ತಾರೆ, ಹೂಡಲಿ, ಅದಕ್ಕೂ ಕಾರಣಗಳಿವೆ. ಯಾವ ಪಕ್ಷ ಹಿಡಿದರು ಅಂತ ನೋಡಬೇಡಿ. ಮೂರನೇ ಪ್ರಶ್ನೆಯನ್ನು ಖಾಲಿ ಬಿಟ್ಟವರಿಗೆ ಮಾತ್ರ ಅಂಕ ಕತ್ತರಿಸಿ.